ಮೈಬಣ್ಣವೂ ಭಾವಚಿತ್ರವೂ

ಮನುಷ್ಯನನ್ನು ಹೊಗಳುವುದಕ್ಕಾಗಲಿ ತೆಗಳುವುದಕ್ಕಾಗಲಿ ಅವನು ಮಾಡಿದ ಕಾರ್ಯವೇ ಆಧಾರವಾಗಿರಬೇಕೆಂಬುದು ನೀತಿವಿಚಾರದ ಮೊದಲ ಪಾಠ. ಒಬ್ಬನು ಮಾಡದುದಕ್ಕಾಗಿ ಅವನನ್ನು ದಂಡಿಸುವ ನ್ಯಾಯಾಧಿಪತಿಯನ್ನು ಲೋಕವು ಅನ್ಯಾಯಗಾರನೆನ್ನುತ್ತದೆ. ಆದರೆ ಅದೇ ಲೋಕವು ತನ್ನ ಮನೆಯ ಪಡಸಾಲೆಯಲ್ಲಿ ಕುಳಿತು ದಿನದಿನವೂ ಅಂಥ ತೀರ್ಪನ್ನು ಕೊಡುತ್ತಿರುತ್ತದೆ. ಮಗು ಹುಟ್ಟಿದ ಸುದ್ದಿ ಬಂದೊಡನೆ ಗಂಡೋ ಹೆಣ್ಣೋ ಎಂಬ ಪ್ರಶ್ನೆಯ ಬೆನ್ನಿಗೇ ಕಪ್ಪೋ ಕೆಂಪೋ ಎಂಬ ಪ್ರಶ್ನೆಯು ಹೊರಡುವುದು. ಹುಡುಗಿಯು ಬೆಳೆದು ದೊಡ್ಡವಳಾದ ಮೇಲೆ, "ಬಣ್ಣ ಸ್ವಲ್ಪ ಕಡಮೆ, ಆದರೆ ಲಕ್ಷಣವಾಗಿದ್ದಾಳೆ" ಎಂದು ನೆಂಟರು ಹೇಳುವರು. ಕಪ್ಪೆಂಬುದು ಒಂದು ಬಣ್ಣವೇ ಅಲ್ಲ, ಬಣ್ಣದ ಕೊರತೆ ಎಂಬಂತಿದೆ ಈ ಮಾತಿನ ರೀತಿ. ಹೇಳಿದವರಲ್ಲಿ ದ್ವೇಷವಿರುವುದಿಲ್ಲ, ಪ್ರೀತಿಯೇ ಇರಬಹುದು. ಆದರೂ ನಡುವಿನ "ಆದರೆ" ಎಂಬ ಒಂದು ಪದದಲ್ಲಿ ತೀರ್ಪು ಅಡಗಿರುತ್ತದೆ. ಆ ಹುಡುಗಿಯು ಅದನ್ನು ಬಾಳೆಲ್ಲ ಹೊರುತ್ತಾಳೆ.

ಇಂಥ ಅವಮಾನಕ್ಕೆ ಪ್ರತಿಯಾಗಿ ಕಳೆದ ನೂರೆಂಬತ್ತು ವರ್ಷಗಳಿಂದ ಲೋಕದ ಹಲವು ಕಡೆಗಳಲ್ಲಿ ಕಪ್ಪು ಮೈಬಣ್ಣದವರು ಭಾವಚಿತ್ರವನ್ನು ಒಂದು ಸಾಧನವನ್ನಾಗಿ ಹಿಡಿದಿರುವರು. ಛಾಯಾಯಂತ್ರದ ಮುಂದೆ ತಲೆಯೆತ್ತಿ ಕುಳಿತು, ಇದೋ ಈ ಮುಖವನ್ನು ನೋಡಿರಿ ಎಂದಿರುವರು. ಇಲ್ಲಿ ವಿಚಾರಮಾಡತಕ್ಕ ಪ್ರಶ್ನೆಗಳು ಎರಡು. ತಾನು ಗಳಿಸದೆ ಹುಟ್ಟಿನಿಂದ ಬಂದ ಬಣ್ಣಕ್ಕಾಗಿ ಒಬ್ಬನು ಹೆಮ್ಮೆಪಡುವುದು ಯುಕ್ತವೆ? ಯುಕ್ತವೆಂದಾದರೆ, ಪಟದಲ್ಲಿ ಮುಖವನ್ನು ಮೂಡಿಸುವುದರಿಂದ ಆ ಹೆಮ್ಮೆಗೆ ನಿಜವಾದ ಪೋಷಣೆ ದೊರಕುವುದೆ, ಅಥವಾ ಒಂದು ಭ್ರಮೆಯ ಜಾಗದಲ್ಲಿ ಇನ್ನೊಂದು ಭ್ರಮೆಯು ಬಂದು ಕೂಡುವುದೆ?

ಪ್ರಕೃತಿಯ ಸಂಗತಿಯನ್ನು ಎರಡು ಮಾತಿನಲ್ಲಿ ಮುಗಿಸಬಹುದು. ಎಲ್ಲರ ಚರ್ಮದಲ್ಲಿಯೂ ಮೆಲನಿನ್ ಎಂಬ ವರ್ಣದ್ರವ್ಯವಿದೆ. ಅದರ ಪ್ರಮಾಣವೂ ಬಗೆಯೂ ಬೇರೆಬೇರೆಯಾಗುವುದರಿಂದ ಮೈಬಣ್ಣವು ಬೇರೆಬೇರೆಯಾಗುತ್ತದೆ. ಬಿಸಿಲು ತೀಕ್ಷ್ಣವಾದ ದೇಶಗಳಲ್ಲಿ ಅದು ಸೂರ್ಯನ ಕಣ್ಣಿಗೆ ಕಾಣದ ಕಿರಣಗಳಿಂದ ಶರೀರವನ್ನು ಕಾಯುವ ಕೊಡೆ. ಭಾರತದಲ್ಲಂತೂ ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರು ಅಕ್ಕತಂಗಿಯರಲ್ಲಿ ಒಬ್ಬಳು ಎಣ್ಣೆಗೆಂಪಾಗಿಯೂ ಇನ್ನೊಬ್ಬಳು ಎಣ್ಣೆಗಪ್ಪಾಗಿಯೂ ಇರುವುದು ಎಲ್ಲರೂ ಕಂಡ ಸಂಗತಿ. ಆದುದರಿಂದಲೇ ಇಲ್ಲಿ ಬಣ್ಣದ ತಾರತಮ್ಯವು ಹೊರಗಿನ ಶತ್ರುವಿನಿಂದ ಬರುವುದಕ್ಕೆ ಮೊದಲು ಮನೆಯೊಳಗೆ, ಒಂದೇ ಪಂಕ್ತಿಯಲ್ಲಿ ಉಣ್ಣುವವರ ನಡುವೆ, ಮೊಳೆಯುತ್ತದೆ.

ಈ ತಾರತಮ್ಯವು ಪೂರ್ವಿಕರಿಂದ ಬಂದುದು, ಅದನ್ನು ಪ್ರಶ್ನಿಸುವುದು ಹೊಸ ಕಾಲದ ಹವ್ಯಾಸ ಎನ್ನುವವರಿದ್ದಾರೆ. ಪುರಾಣೇತಿಹಾಸಗಳ ಸಾಕ್ಷ್ಯವು ಅಷ್ಟು ಸರಳವಾಗಿಲ್ಲ. ಕೃಷ್ಣನ ಹೆಸರೇ ಕಪ್ಪು. ಸ್ವಯಂವರದಲ್ಲಿ ರಾಜರೆಲ್ಲ ಬಯಸಿದ ದ್ರೌಪದಿಯ ಇನ್ನೊಂದು ಹೆಸರು ಕೃಷ್ಣೆ. ಭಾರತವನ್ನು ರಚಿಸಿದ ವ್ಯಾಸರು ಕೃಷ್ಣದ್ವೈಪಾಯನರು. ಆ ವ್ಯಾಸರ ಕಥೆಯಲ್ಲಿಯೇ ಬಣ್ಣವನ್ನು ಕುರಿತ ಒಂದು ಗಂಭೀರವಾದ ಪ್ರಸಂಗವಿದೆ. ವಿಚಿತ್ರವೀರ್ಯನು ಮಕ್ಕಳಿಲ್ಲದೆ ತೀರಿಕೊಂಡ ಮೇಲೆ ಸತ್ಯವತಿಯ ಅಪೇಕ್ಷೆಯಂತೆ ವ್ಯಾಸರು ಅಂತಃಪುರಕ್ಕೆ ಬಂದಾಗ, ಅವರ ಕಪ್ಪು ಮೈಯನ್ನೂ ಕೆಂಜೆಡೆಯನ್ನೂ ಉರಿಯುವ ಕಣ್ಣುಗಳನ್ನೂ ಕಂಡು ಅಂಬಿಕೆಯು ಕಣ್ಣು ಮುಚ್ಚಿಕೊಂಡಳು. ಅವಳ ಮಗ ಧೃತರಾಷ್ಟ್ರನು ಕುರುಡನಾಗಿ ಹುಟ್ಟಿದನು. ಅಂಬಾಲಿಕೆಯು ಹೆದರಿ ಬಿಳಿಚಿಕೊಂಡಳು. ಅವಳ ಮಗ ಪಾಂಡುವು ಬಿಳಿಚಿದ ಮೈಯವನಾದನು. ದಾಸಿಯೊಬ್ಬಳು ಮಾತ್ರ ಅಂಜದೆ ಎದುರುಗೊಂಡು ಸತ್ಕರಿಸಿದಳು. ಅವಳಲ್ಲಿ ಧರ್ಮಜ್ಞನಾದ ವಿದುರನು ಹುಟ್ಟಿದನು. ನೋಡಲೊಲ್ಲದವರ ದೋಷವು ಮುಂದಿನ ಪೀಳಿಗೆಗೆ ಕುರುಡಾಗಿ ಇಳಿಯುವುದೆಂದು ಈ ಕಥೆಯನ್ನು ಓದಿಕೊಂಡರೆ ತಪ್ಪಾಗಲಾರದು.

ದೇವಾಲಯದ ಗರ್ಭಗುಡಿಯಲ್ಲಿಯೂ ಇದೇ ಸಾಕ್ಷ್ಯವಿದೆ. ಕನ್ನಡನಾಡಿನ ಎಷ್ಟೋ ಮೂಲವಿಗ್ರಹಗಳು ಕರಿಯ ಕಲ್ಲಿನವು. ಭಕ್ತನು ಆ ಕತ್ತಲೆಯಲ್ಲಿ ಕರಿಯ ಮುಖವನ್ನು ಕಾಣುವ ಬಗೆಯಾದರೂ ಹೇಗೆ? ಅರ್ಚಕನು ವಿಗ್ರಹಕ್ಕೆ ಸುಣ್ಣ ಬಳಿಯುವುದಿಲ್ಲ. ಮಂಗಳಾರತಿಯನ್ನು ಹತ್ತಿರಕ್ಕೆ ತಂದು ಸುತ್ತಲೂ ಬೆಳಗುತ್ತಾನೆ. ದೀಪವು ತಿರುಗಿದಂತೆ ಹಣೆ, ಕೆನ್ನೆ, ತುಟಿಗಳ ಉಬ್ಬುತಗ್ಗುಗಳು ಎಣ್ಣೆಯ ಹೊಳಪಿನಲ್ಲಿ ಒಂದೊಂದಾಗಿ ಮೂಡುತ್ತವೆ. ಕಪ್ಪು ಮುಖವನ್ನು ನೋಡಬೇಕಾದರೆ ಬದಲಿಸಬೇಕಾದುದು ಮುಖವನ್ನಲ್ಲ, ಬೆಳಕನ್ನು. ಈ ತತ್ತ್ವವು ಗರ್ಭಗುಡಿಯಲ್ಲಿ ತಿಳಿದಿದ್ದರೂ ಅಚ್ಚಿನ ಪಟಗಳಲ್ಲಿ ಮರೆತುಹೋಯಿತು. ರಾಜಾ ರವಿವರ್ಮನು ೧೮೯೪ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯವನ್ನು ತೆರೆದ ಮೇಲೆ ಮನೆಮನೆಯ ಗೋಡೆಗೂ ಬಂದ ಲಕ್ಷ್ಮೀ ಸರಸ್ವತಿಯರು ಗೌರಾಂಗಿಯರು. ಕಾಲಕ್ರಮದಲ್ಲಿ ಕ್ಯಾಲೆಂಡರಿನ ಕೃಷ್ಣನೂ ಕಪ್ಪನ್ನು ಬಿಟ್ಟು ನೀಲಿಯನ್ನು ತೊಟ್ಟನು. ಹೆಸರಿನಲ್ಲಿ ಉಳಿದ ಬಣ್ಣವು ಮುಖದಲ್ಲಿ ಉಳಿಯಲಿಲ್ಲ.

ಛಾಯಾಚಿತ್ರವು ಬಂದಾಗ, ಚಿತ್ರಗಾರನ ಕುಂಚಕ್ಕಿರುವ ಪಕ್ಷಪಾತವು ಯಂತ್ರಕ್ಕಿಲ್ಲವೆಂದು ಜನರು ನಂಬಿದರು. ಆದರೆ ಯಂತ್ರವನ್ನು ಮಾಡಿದವರು ಮನುಷ್ಯರು. ಮೊದಮೊದಲಿನ ಗಾಜಿನ ಫಲಕಗಳು ನೀಲಿ ಮತ್ತು ನೇರಿಳೆ ಬೆಳಕನ್ನು ಮಾತ್ರ ಚೆನ್ನಾಗಿ ಗ್ರಹಿಸುತ್ತಿದ್ದುವು. ಕೆಂಪಿಗೆ ಅವು ಕುರುಡು. ಕಂದು ಮೈಯು ಹೆಚ್ಚಾಗಿ ಪ್ರತಿಫಲಿಸುವುದು ಕೆಂಪು ಬೆಳಕನ್ನೇ ಆದುದರಿಂದ, ಅಂಥ ಫಲಕದಲ್ಲಿ ಮೂಡಿದ ಮುಖವು ಕಣ್ಣಿಗೆ ಕಾಣುವುದಕ್ಕಿಂತ ಕಪ್ಪಾಗುತ್ತಿತ್ತು. ಎಲ್ಲ ಬಣ್ಣಗಳನ್ನೂ ಗ್ರಹಿಸುವ ಫಲಕಗಳು ಇಂಗ್ಲೆಂಡಿನಲ್ಲಿ ೧೯೦೬ರಲ್ಲಿ ಮಾರಾಟಕ್ಕೆ ಬಂದುವು. ಮುಂದೆ ಬಣ್ಣದ ಫಿಲ್ಮು ಬಂದಾಗ, ಅಮೆರಿಕದ ಕೊಡಾಕ್ ಕಂಪನಿಯು ೧೯೫೦ರ ದಶಕದಿಂದ ಮುದ್ರಣಶಾಲೆಗಳಿಗೆ ಒಂದು ಮಾದರಿಯ ಚಿತ್ರವನ್ನು ಕಳುಹಿಸುತ್ತಿತ್ತು. ಅದರಲ್ಲಿದ್ದವಳು ಬಿಳಿಯ ತರುಣಿ. ಮೊದಲ ಮಾದರಿಯಾದ ಕೆಲಸಗಾತಿಯ ಹೆಸರಿನಿಂದ ಅದಕ್ಕೆ ಶರ್ಲಿ ಕಾರ್ಡು ಎಂದು ಹೆಸರಾಯಿತು. ಆ ಮುಖವು ಸರಿಯಾಗಿ ಬಂದರೆ ಬಣ್ಣವು ಸರಿಯಾಯಿತೆಂದು ಲೆಕ್ಕ. ಶಾಲೆಯ ಗುಂಪುಚಿತ್ರದಲ್ಲಿ ಬಿಳಿಯ ಮಕ್ಕಳ ಮುಖವು ಸ್ಪಷ್ಟವಾಗಿದ್ದು, ಅವರ ಪಕ್ಕದಲ್ಲಿ ನಿಂತ ಕಪ್ಪು ಮಗುವಿನ ಮುಖದಲ್ಲಿ ಕಣ್ಣು ಹಲ್ಲುಗಳಷ್ಟೇ ಕಾಣುವುವೆಂದು ತಾಯಂದಿರು ದೂರುತ್ತಿದ್ದರು. ಕಂದುಬಣ್ಣದ ಛಾಯೆಗಳನ್ನು ಬಿಡಿಸಿ ತೋರಿಸುವಂತೆ ಫಿಲ್ಮನ್ನು ತಿದ್ದುವುದಕ್ಕೆ ಒತ್ತಾಯ ತಂದವರಲ್ಲಿ ಮುಖ್ಯರು ಚಾಕೊಲೇಟು ಮಾಡುವವರೂ ಮರದ ಪೀಠೋಪಕರಣಗಳನ್ನು ಮಾರುವವರೂ ಎಂಬುದು ಕಂಪನಿಯಲ್ಲಿ ದುಡಿದವರೇ ಹೇಳಿದ ಸಂಗತಿ. ಮಗುವಿನ ಮುಖಕ್ಕಾಗಿ ಆಗದುದು ಮೇಜಿನ ಹಲಗೆಗಾಗಿ ಆಯಿತು. ಬೇರೆಬೇರೆ ಮೈಬಣ್ಣದವರು ಒಟ್ಟಿಗಿರುವ ಮಾದರಿಯ ಕಾರ್ಡು ಬಂದುದು ೧೯೯೦ರ ದಶಕದಲ್ಲಿ.

ಫಿಲ್ಮಿನ ಕಾಲವು ಮುಗಿದರೂ ದೋಷವು ಮುಗಿಯಲಿಲ್ಲ. ಮುಖವನ್ನು ನೋಡಿ ಗಂಡು ಹೆಣ್ಣೆಂದು ಗುರುತಿಸುವ ಯಂತ್ರಗಳನ್ನು ಜಾಯ್ ಬುವೊಲಂವಿನಿ ಮತ್ತು ಟಿಮ್ನಿಟ್ ಗೆಬ್ರು ಎಂಬ ವಿದುಷಿಯರು ೨೦೧೮ರಲ್ಲಿ ಪರೀಕ್ಷಿಸಿದಾಗ, ತಿಳಿಬಣ್ಣದ ಗಂಡಸರ ವಿಷಯದಲ್ಲಿ ಹೆಚ್ಚೆಂದರೆ ನೂರಕ್ಕೆ ಒಂದರೊಳಗಿದ್ದ ತಪ್ಪು, ಕಪ್ಪು ಬಣ್ಣದ ಹೆಂಗಸರ ವಿಷಯದಲ್ಲಿ ನೂರಕ್ಕೆ ಮೂವತ್ತನಾಲ್ಕನ್ನು ಮೀರಿತ್ತು.

ಹೀಗೆ ಯಂತ್ರವು ತಾನಾಗಿ ಮಾಡಿದ ತಪ್ಪು ಒಂದು. ಮನುಷ್ಯನು ಬೇಕೆಂದು ಮಾಡಿಸಿದುದು ಇನ್ನೊಂದು. ಊರೂರ ಸ್ಟುಡಿಯೋಗಳಲ್ಲಿ ಹೆಣ್ಣಿನ ಪಟವನ್ನು ತೆಗೆಸುವಾಗ, ಮುಖವು ಸ್ವಲ್ಪ ಬೆಳ್ಳಗೆ ಬರಲೆಂದು ಹಿರಿಯರು ಹೇಳುವುದು ವಾಡಿಕೆಯಾಗಿತ್ತು. ಪಟ ತೆಗೆಯುವವನು ಪೌಡರು ಬಳಿಸಿ, ದೀಪವನ್ನು ಎದುರಿಗೇ ಇಟ್ಟು, ನೆಗೆಟಿವಿನ ಮೇಲೆ ಮುಖವಿರುವಲ್ಲಿ ಸೀಸದ ಕಡ್ಡಿಯಿಂದ ತೀಡುತ್ತಿದ್ದನು. ನೆಗೆಟಿವಿನಲ್ಲಿ ಕಪ್ಪೇರಿದಷ್ಟೂ ಮುದ್ರಿತವಾದ ಪಟದಲ್ಲಿ ಮುಖವು ಬಿಳುಪೇರುವುದು. ಈಗ ಆ ಕಡ್ಡಿಯ ಕೆಲಸವನ್ನು ಕೈಯಲ್ಲಿ ಹಿಡಿದ ಫೋನೇ ಮಾಡುತ್ತದೆ. ಪಟವನ್ನು ತಿದ್ದಿದಂತೆ ಮುಖವನ್ನೂ ತಿದ್ದಬಹುದೆಂಬ ಆಸೆಯನ್ನು ವ್ಯಾಪಾರವು ಬೆಳೆಸಿತು. ಭಾರತದಲ್ಲಿ ೧೯೭೫ರಲ್ಲಿ ಮಾರಾಟಕ್ಕೆ ಬಂದ ಫೇರ್ ಅಂಡ್ ಲವ್ಲಿ ಎಂಬ ಲೇಪನವು ೨೦೨೦ರಲ್ಲಿ ಬಿಳುಪೆಂಬ ಮಾತನ್ನು ಹೆಸರಿನಿಂದ ತೆಗೆದು ಗ್ಲೋ ಅಂಡ್ ಲವ್ಲಿ ಆಯಿತು. ಹೆಸರು ಬದಲಾಗಲು ನಲವತ್ತೈದು ವರ್ಷ ಬೇಕಾಯಿತು.

ಇನ್ನು ಪ್ರತಿಭಟನೆಯ ಚರಿತ್ರೆ. ಅಮೆರಿಕದ ಮೇರಿಲ್ಯಾಂಡಿನಲ್ಲಿ ಗುಲಾಮನಾಗಿ ಹುಟ್ಟಿ ೧೮೩೮ರಲ್ಲಿ ತಪ್ಪಿಸಿಕೊಂಡು ಬಂದ ಫ್ರೆಡರಿಕ್ ಡಗ್ಲಸ್ಸನು ಮಹಾವಾಗ್ಮಿ. ಬಿಳಿಯ ಚಿತ್ರಗಾರರು ಕಪ್ಪು ಜನರ ಮುಖವನ್ನು ಬರೆಯುವಾಗ ತುಟಿ ಮೂಗುಗಳನ್ನು ವಿಕಾರವಾಗಿ ಹಿಗ್ಗಿಸದೆ ಬಿಡಲಾರರೆಂದು ಅವನು ೧೮೪೯ರಲ್ಲಿಯೇ ತನ್ನ ಪತ್ರಿಕೆಯಲ್ಲಿ ಬರೆದನು. ಆದುದರಿಂದ ಅವನು ಕುಂಚವನ್ನು ಬಿಟ್ಟು ಯಂತ್ರವನ್ನು ನಂಬಿದನು. ೧೮೯೫ರಲ್ಲಿ ತೀರಿಕೊಳ್ಳುವುದರೊಳಗೆ ಅವನು ತೆಗೆಸಿಕೊಂಡ ಪಟಗಳಲ್ಲಿ ಈಗ ದೊರೆತಿರುವುವೇ ಸುಮಾರು ೧೬೦. ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಅಷ್ಟು ಸಲ ಪಟ ತೆಗೆಸಿಕೊಂಡವರು ಮತ್ತೊಬ್ಬರಿಲ್ಲವೆನ್ನುವರು. ಆ ಪಟಗಳಲ್ಲಿ ಅವನು ನಗುವುದು ಬಹಳ ಅಪರೂಪ. ಯಜಮಾನನ ಮುಂದೆ ಹಲ್ಲು ಕಿರಿಯುವ ಸುಖೀಗುಲಾಮನೆಂಬ ಸುಳ್ಳುಚಿತ್ರವು ಆಗ ದೇಶದಲ್ಲೆಲ್ಲ ಹಬ್ಬಿದ್ದಿತು. ಅದಕ್ಕೆ ಅವನ ಗಂಭೀರಮುಖವೇ ಉತ್ತರ. ಅದೇ ಕಾಲದ ಸೋಜರ್ನರ್ ಟ್ರೂತ್ ಎಂಬ ವೃದ್ಧೆಯೂ ಗುಲಾಮಳಾಗಿ ಹುಟ್ಟಿದವಳೇ. ಅವಳು ತನ್ನ ಸಣ್ಣ ಪಟಗಳನ್ನು ಮಾರಿ ತನ್ನ ಕಾರ್ಯಕ್ಕೆ ಹಣ ಕೂಡಿಸುತ್ತಿದ್ದಳು. ಹಿಂದೆ ಅವಳ ಶರೀರವನ್ನು ಅನ್ಯರು ಮಾರಿದ್ದರು. ಈಗ ಅವಳು ತನ್ನ ಛಾಯೆಯನ್ನು ತಾನೇ ಮಾರಿ ಶರೀರವನ್ನು ಸಾಕಿಕೊಳ್ಳುವೆನೆಂದು ಆ ಪಟಗಳ ಕೆಳಗೆ ಅಚ್ಚುಹಾಕಿಸಿದ್ದಳು. ೧೯೦೦ರ ಪ್ಯಾರಿಸಿನ ಮಹಾಪ್ರದರ್ಶನದಲ್ಲಿ ದು ಬಾಯ್ಸ್ ಎಂಬ ವಿದ್ವಾಂಸನು ಕಪ್ಪು ಜನರ ೩೬೩ ಛಾಯಾಚಿತ್ರಗಳನ್ನು ಆಲ್ಬಮುಗಳಲ್ಲಿ ಜೋಡಿಸಿ ಇರಿಸಿದನು. ವಿದ್ಯಾರ್ಥಿಗಳು, ವರ್ತಕರು, ಗೃಹಿಣಿಯರು, ಮನೆಗಳು, ಅಂಗಡಿಗಳು. ವಾದವಿಲ್ಲ, ಮೊರೆಯಿಲ್ಲ, ಮುಖಗಳು ಮಾತ್ರ.

ಇದಕ್ಕೆ ವಿರುದ್ಧವಾದ ದೃಷ್ಟಾಂತವನ್ನೂ ಇಲ್ಲಿ ನೆನೆಯಬೇಕು. ಭಾರತದಲ್ಲಿ ಬ್ರಿಟಿಷ್ ಸರಕಾರವು ೧೮೬೮ರಿಂದ ೧೮೭೫ರವರೆಗೆ "ದಿ ಪೀಪಲ್ ಆಫ್ ಇಂಡಿಯಾ" ಎಂಬ ಎಂಟು ಸಂಪುಟಗಳನ್ನು ಹೊರಡಿಸಿತು. ಅವುಗಳಲ್ಲಿಯೂ ನೂರಾರು ಮುಖಗಳಿವೆ. ಆದರೆ ಪಟದಲ್ಲಿರುವವನು ಇಂಥ ಜಾತಿಯವನು, ಇಂಥ ಸ್ವಭಾವದವನು ಎಂದು ಸಸ್ಯಗಳನ್ನು ವಿಂಗಡಿಸುವಂತೆ ಬರೆದಿದೆ. ದಕ್ಷಿಣ ಆಫ್ರಿಕದ ವರ್ಣಭೇದದ ಸರಕಾರವು ಕಪ್ಪು ಜನರ ಚಲನವಲನಗಳನ್ನು ಕಟ್ಟಿಹಾಕಲು ಅವರ ಕೈಗೆ ಕೊಟ್ಟ ರಹದಾರಿ ಪುಸ್ತಕದಲ್ಲಿಯೂ ಮುಖದ ಪಟವಿದ್ದಿತು. ಆ ಪಟಗಳಿಗೆ ತಮ್ಮ ಕಂಪನಿಯ ಸಾಮಗ್ರಿಯನ್ನು ಬಳಸುವುದನ್ನು ಪ್ರತಿಭಟಿಸಿ ಪೊಲರಾಯ್ಡ್ ಕಂಪನಿಯ ಕಪ್ಪು ನೌಕರರು ೧೯೭೦ರಲ್ಲಿ ಚಳವಳಿ ಹೂಡಿದರು. ಕಂಪನಿಯು ಆ ದೇಶವನ್ನು ಬಿಟ್ಟುದು ೧೯೭೭ರಲ್ಲಿ. ಮುಖವು ಸ್ಪಷ್ಟವಾಗಿ ಬಂದ ಮಾತ್ರಕ್ಕೆ ಮಾನವು ಬಂದಂತಾಗದು. ಯಾರ ಇಚ್ಛೆಯಿಂದ, ಯಾವ ಉದ್ದೇಶಕ್ಕಾಗಿ ಮುಖವು ಅಲ್ಲಿ ನಿಂತಿದೆ ಎಂಬುದೇ ಪಟದ ನೀತಿಯನ್ನು ನಿರ್ಣಯಿಸುತ್ತದೆ.

ಇಪ್ಪತ್ತನೆಯ ಶತಮಾನದಲ್ಲಿ ಈ ಕಾರ್ಯವು ಕಪ್ಪು ಛಾಯಾಗ್ರಾಹಕರ ಕೈಗೇ ಬಂದಿತು. ನ್ಯೂಯಾರ್ಕಿನ ಹಾರ್ಲೆಮಿನಲ್ಲಿ ರಾಯ್ ಡಿಕರಾವಾ ತನ್ನ ಜನರನ್ನು ಮಂದಬೆಳಕಿನಲ್ಲಿಯೇ ಚಿತ್ರಿಸಿ, ಕಪ್ಪಿನೊಳಗಿರುವ ಹತ್ತಾರು ಕಪ್ಪುಗಳನ್ನು ತಾಳ್ಮೆಯಿಂದ ಬಿಡಿಸಿ ಮುದ್ರಿಸಿದನು. ಮಾಲಿ ದೇಶದ ಬಮಾಕೊ ನಗರದಲ್ಲಿ ಸೇಯ್ದು ಕೇಯ್ತ ಎಂಬವನು ೧೯೪೮ರಲ್ಲಿ ಸ್ಟುಡಿಯೋ ತೆರೆದು, ಹೂಬಳ್ಳಿಯ ಬಟ್ಟೆಯನ್ನು ಹಿಂದೆ ಕಟ್ಟಿ, ಊರಿನ ಗೃಹಸ್ಥರನ್ನು ಅವರು ಬಯಸಿದ ಠೀವಿಯಲ್ಲಿ ಕೂರಿಸಿದನು. ಹಾರ್ಲೆಮಿನಲ್ಲಿಯೇ ೧೯೬೨ರ ಜನವರಿಯಲ್ಲಿ ಕ್ವಾಮೆ ಬ್ರಾತ್‌ವೇಟ್ ಮತ್ತು ಅವನ ಸಂಗಡಿಗರು, ಕೂದಲನ್ನು ನೇರಮಾಡಿಸಿಕೊಳ್ಳದೆ ಹುಟ್ಟಿನ ಗುಂಗುರಿನಲ್ಲಿಯೇ ಬಿಟ್ಟ ಕಪ್ಪು ತರುಣಿಯರ ಒಂದು ಪ್ರದರ್ಶನವನ್ನು ನಡೆಸಿದರು. ಕಪ್ಪು ಸುಂದರವೆಂಬ ಘೋಷಣೆಯು ಅವನು ತೆಗೆದ ಚಿತ್ರಗಳೊಡನೆ ಹರಡಿತು. ಭಾರತದಲ್ಲಿ ೨೦೦೯ರಲ್ಲಿ ಚೆನ್ನೈಯ ವಿಮೆನ್ ಆಫ್ ವರ್ತ್ ಎಂಬ ಸಂಸ್ಥೆಯು ಇದೇ ಅರ್ಥದ ಚಳವಳಿಯನ್ನು ಆರಂಭಿಸಿತು. ನಟಿ ನಂದಿತಾ ದಾಸರು ೨೦೧೩ರಲ್ಲಿ ಅದಕ್ಕೆ ಮುಖವಾದರು. ೨೦೧೭ರಲ್ಲಿ ಚೆನ್ನೈಯವರೇ ಆದ ನರೇಶ್ ನಿಲ್ ಮತ್ತು ಭರದ್ವಾಜ್ ಸುಂದರ್ ಎಂಬವರು ಕಪ್ಪು ಮೈಬಣ್ಣದವರಿಗೆ ಲಕ್ಷ್ಮೀ, ಸರಸ್ವತಿ, ಸೀತೆ ಮೊದಲಾದವರ ವೇಷವನ್ನು ತೊಡಿಸಿ ಚಿತ್ರಮಾಲೆಯೊಂದನ್ನು ರಚಿಸಿದರು. ಕ್ಯಾಲೆಂಡರಿನಲ್ಲಿ ಕಳೆದುಹೋದ ಬಣ್ಣವನ್ನು ಕ್ಯಾಲೆಂಡರಿನ ಶೈಲಿಯಲ್ಲಿಯೇ ಮರಳಿ ಪಡೆಯುವ ಪ್ರಯತ್ನವಿದು.

ಈಗ ಆಕ್ಷೇಪಗಳನ್ನು ನೋಡಬೇಕು. ಹುಟ್ಟಿನಿಂದ ಬಂದುದಕ್ಕೆ ನಾಚಿಕೆಯು ಹೇಗೆ ಸಲ್ಲದೋ ಹಾಗೆ ಹೆಮ್ಮೆಯೂ ಸಲ್ಲದು ಎಂಬುದು ಮೊದಲನೆಯದು. ತರ್ಕವು ಸರಿ, ಆದರೆ ಗರ್ವವೂ ಅಭಿಮಾನವೂ ಒಂದೇ ಅಲ್ಲ. ಗರ್ವವು ಇನ್ನೊಬ್ಬನನ್ನು ಕೆಳಗಿಟ್ಟು ತಾನು ಮೇಲೇರುವುದು. ಅಭಿಮಾನವು ತನ್ನದನ್ನು ತನ್ನದೆಂದು ಒಪ್ಪಿಕೊಳ್ಳುವುದು. ಕನ್ನಡದಲ್ಲಿ ಹುಟ್ಟುವುದಕ್ಕೆ ಯಾರೂ ತಪಸ್ಸು ಮಾಡಿರುವುದಿಲ್ಲ; ಆದರೂ ನುಡಿಯ ಅಭಿಮಾನವನ್ನು ಯಾರೂ ದೋಷವೆನ್ನುವುದಿಲ್ಲ. ಕರ್ನಾಟಕವೆಂಬ ಹೆಸರನ್ನೇ ಕಪ್ಪು ಮಣ್ಣಿನ ನಾಡೆಂದು ಬಿಡಿಸಿ ಸಂತೋಷಪಡುವವರುಂಟು. ಎರೆಮಣ್ಣಿನ ಕಪ್ಪನ್ನು ಹೊಗಳುವ ನಾಲಗೆಯು ಆ ಮಣ್ಣಿನಲ್ಲಿ ದುಡಿದವಳ ಕಪ್ಪನ್ನು ಕಡಮೆ ಬಣ್ಣವೆಂದು ಕರೆಯುವುದು ಅಸಂಗತವಲ್ಲವೆ? ಅಲ್ಲದೆ ನಾಚಿಕೆಯನ್ನು ಬಲವಂತವಾಗಿ ಹೇರಿದ ಕಡೆ ಅಭಿಮಾನವು ಏರಿಕೆಯಲ್ಲ, ಬಾಗಿದ ಬೆನ್ನು ನೆಟ್ಟಗಾಗುವುದು ಅಷ್ಟೆ. ಯಾರಿಗೂ ನಾಚಿಕೆಯನ್ನು ಹೇರದ ಕಾಲವು ಬಂದಾಗ ಈ ಅಭಿಮಾನವು ತಾನಾಗಿಯೇ ಮಾತು ನಿಲ್ಲಿಸೀತು.

ಎರಡನೆಯ ಆಕ್ಷೇಪವು ಇದಕ್ಕಿಂತ ಬಲವಾದುದು. ಕಪ್ಪೂ ಸುಂದರವೆಂದು ಹೇಳಿದಾಗ, ಮನ್ನಣೆಗೆ ಸೌಂದರ್ಯವೇ ಅರ್ಹತೆಯೆಂಬ ಹಳೆಯ ನಿಯಮವು ಹಾಗೆಯೇ ಉಳಿಯುವುದಲ್ಲವೆ? ದೇವಿಯ ವೇಷವನ್ನು ತೊಟ್ಟ ಆ ತರುಣಿಯರು ಕಪ್ಪಗಿದ್ದರೂ ತಿದ್ದಿದಂಥ ಮುಖದವರು. ಮೈಬಣ್ಣವೂ ಕಪ್ಪಾಗಿ, ಮೂಗೂ ಮೊಂಡಾಗಿ, ವಯಸ್ಸೂ ಮೀರಿದವಳಿಗೆ ಅವರಿಂದಾದ ಉಪಕಾರವೇನು? ಈ ಮಾತಿನಲ್ಲಿ ಸತ್ಯವಿದೆ. ಅಂಥ ಚಿತ್ರಗಳು ಅರ್ಧದಾರಿಯನ್ನು ಮಾತ್ರ ನಡೆದಿವೆ. ಆದರೆ ಭಾವಚಿತ್ರದ ಪರಮಾರ್ಥವು ಸೌಂದರ್ಯವಲ್ಲ. ಡಗ್ಲಸ್ಸನಾಗಲಿ, ಕನ್ನಡಕವಿಟ್ಟು ಹೆಣಿಗೆ ಹಿಡಿದು ಕುಳಿತ ವೃದ್ಧೆ ಟ್ರೂತಳಾಗಲಿ ತಮ್ಮನ್ನು ಸುಂದರರೆನ್ನಿ ಎಂದು ಕೇಳಲಿಲ್ಲ. ಇದ್ದಂತೆ ಕಾಣಿರಿ ಎಂದರು. ಮೆಚ್ಚಿಗೆಯು ನೋಡುವವನ ಇಷ್ಟ; ಕಾಣುವುದು ಅವನ ಕರ್ತವ್ಯ. ಕೇಯ್ತನ ಪಟಗಳಲ್ಲಿರುವ ಸಾಧಾರಣ ಗೃಹಸ್ಥರು ಚೆಲುವಿಗಾಗಿ ಅಲ್ಲಿ ಕುಳಿತವರಲ್ಲ. ಊರಿನಲ್ಲಿ ತಮಗೊಂದು ಸ್ಥಾನವುಂಟೆಂದು ಕುಳಿತವರು.

ಮೂರನೆಯದು ಸತ್ಯವನ್ನು ಕುರಿತದ್ದು. ದಕ್ಷಿಣ ಆಫ್ರಿಕದ ಜನೆಲೆ ಮುಹೋಲಿ ಎಂಬ ಛಾಯಾಗ್ರಾಹಕರು ೨೦೧೨ರಿಂದ ತಮ್ಮ ಮುಖದ ಪಟಗಳನ್ನೇ ತೆಗೆಯುತ್ತ, ಮುದ್ರಿಸುವಾಗ ಮೈಬಣ್ಣವನ್ನು ಇರುವುದಕ್ಕಿಂತ ಗಾಢಗೊಳಿಸುವರು. ಬಿಳುಪೇರಿಸಿದರೆ ಸುಳ್ಳು, ಕಪ್ಪೇರಿಸಿದರೆ ಕಲೆ ಎಂಬುದು ಯಾವ ನ್ಯಾಯ? ಸುಳ್ಳು ಇರುವುದು ಬದಲಾವಣೆಯಲ್ಲಲ್ಲ, ನಂಬಿಸುವ ಉದ್ದೇಶದಲ್ಲಿ. ಮುಹೋಲಿಯವರು ತಾವು ಮಾಡುವುದನ್ನು ಮುಚ್ಚಿಡುವುದಿಲ್ಲ. ಅದು ಒತ್ತಿ ಹೇಳಿದ ಮಾತು. ಮದುವೆಗಾಗಿ ಕಳುಹಿಸಿದ ಬಿಳಿಚಿದ ಪಟವು ಹಾಗಲ್ಲ; ಹುಡುಗಿಯು ಹೀಗೆಯೇ ಇದ್ದಾಳೆಂದು ಬೀಗರು ನಂಬಲಿ ಎಂಬುದೇ ಅದರ ಪ್ರಯೋಜನ.

ಹಾಗಾದರೆ ಆ ಪಟವನ್ನು ತಿದ್ದಿಸಿದ ತಾಯಿತಂದೆಗಳು ತಪ್ಪಿತಸ್ಥರೆ? ಈ ಪ್ರಶ್ನೆಗೆ ಅವಸರದ ಉತ್ತರವು ಸಲ್ಲದು. ಅವರು ಮಗಳನ್ನು ಹೀನವೆಂದೆಣಿಸಿ ಹಾಗೆ ಮಾಡಿದವರಲ್ಲ. ಲೋಕವು ಅವಳನ್ನು ಹೀನವೆಂದೆಣಿಸದಿರಲೆಂದು ಮಾಡಿದವರು. ಆದರೆ ತಿದ್ದಿದ ಪಟವನ್ನು ಮೊದಲು ನೋಡುವವಳು ಬೀಗಿತಿಯಲ್ಲ, ಮಗಳು. ತನ್ನ ಮುಖದ ಬದಲಾಗಿ ಇನ್ನೊಂದು ಮುಖವನ್ನು ಹೆತ್ತವರೇ ಕಳುಹಿಸಿದರೆಂಬುದನ್ನು ಅವಳು ತಿಳಿಯುತ್ತಾಳೆ. ಹೆಣ್ಣು ನೋಡುವ ದಿನ ಪಟಕ್ಕೂ ಮುಖಕ್ಕೂ ಇರುವ ಅಂತರವನ್ನು ಅಳೆಯುವ ಕಣ್ಣುಗಳ ಮುಂದೆ ಕುಳಿತುಕೊಳ್ಳಬೇಕಾದವಳೂ ಅವಳೇ. ತಿದ್ದದ ಪಟವನ್ನೇ ಕಳುಹಿಸುವೆನೆಂಬ ತಂದೆಯ ಧೈರ್ಯವೂ ನಿರ್ದುಷ್ಟವಲ್ಲ. ಆ ಧೈರ್ಯದ ಬೆಲೆಯನ್ನು ತೆರುವವಳು ಮಗಳಾದುದರಿಂದ, ಅವಳನ್ನು ಕೇಳದೆ ಧೀರನಾಗುವ ಅಧಿಕಾರವು ಅವನಿಗಿಲ್ಲ. ಯಾವ ಪಟವು ಹೋಗಬೇಕೆಂಬುದನ್ನು ಅವಳೇ ನಿರ್ಧರಿಸಲಿ. ನಿಜವಾದ ಹೊಣೆಯಿರುವುದು ಬೇರೆ ಕಡೆ. ಕೇಳುವ ಮನೆಯವರು ಬಣ್ಣವನ್ನು ಕೇಳದಿದ್ದರೆ ಕೊಡುವ ಮನೆಯವರು ತಿದ್ದುತ್ತಿರಲಿಲ್ಲ. ಗಂಡಿನ ಕಡೆಯವರು ಈ ಒಂದು ಪ್ರಶ್ನೆಯನ್ನು ಬಿಟ್ಟುಬಿಡುವುದಕ್ಕೆ ಅವರಿಗಾಗುವ ವೆಚ್ಚವು ಏನೂ ಇಲ್ಲ. ವೆಚ್ಚವಿಲ್ಲದ ಧರ್ಮವನ್ನೂ ಆಚರಿಸದವರು ವೆಚ್ಚವಾಗುವ ಧರ್ಮವನ್ನು ಹೆಣ್ಣು ಹೆತ್ತವರಿಂದ ನಿರೀಕ್ಷಿಸುವುದು ನ್ಯಾಯವಲ್ಲ.

ಪಟ ತೆಗೆಯುವವನಿಗೂ ಒಂದು ಸಣ್ಣ ಧರ್ಮವಿದೆ. ಬೆಳಕಿನ ಪ್ರಮಾಣವನ್ನು ಯಂತ್ರವು ಎಲ್ಲದರ ಸರಾಸರಿಯಿಂದ ಗೊತ್ತುಮಾಡುತ್ತದೆ. ಆದುದರಿಂದ ಬಿಳಿಯ ಪಂಚೆಯುಟ್ಟ ಕಪ್ಪು ರೈತನ ಪಟದಲ್ಲಿ ಪಂಚೆಯು ಚೆನ್ನಾಗಿ ಬಂದು ಮುಖವು ಕತ್ತಲೆಯಾಗುವುದುಂಟು. ಬಲ್ಲವನು ಅಳತೆಯನ್ನು ಪಂಚೆಯಿಂದ ತೆಗೆಯದೆ ಮುಖದಿಂದ ತೆಗೆಯುತ್ತಾನೆ. ಮೃದುವಾದ ಬೆಳಕನ್ನು ಓರೆಯಾಗಿ ಬೀಳಿಸಿ ಕೆನ್ನೆಯ ಹೊಳಪನ್ನು ಹಿಡಿಯುತ್ತಾನೆ. ಅರ್ಚಕನ ಆರತಿಗೂ ಇವನ ದೀಪಕ್ಕೂ ಕೆಲಸವು ಒಂದೇ. ಮನೆಯಲ್ಲಿ ಹಿರಿಯರಾದವರು ಮಾಡಬೇಕಾದುದೂ ಇಷ್ಟೇ ಸಣ್ಣದು. ಆಲ್ಬಮನ್ನು ಬಿಚ್ಚಿ ಮಕ್ಕಳಿಗೆ ತೋರಿಸುವಾಗ, ಇವಳು ಕಪ್ಪಾದರೂ ಎಂದು ಆರಂಭಿಸದೆ, ಇವಳು ನಿಮ್ಮ ಅಜ್ಜಿ ಎಂದು ಆರಂಭಿಸಿದರೆ ಸಾಕು. ಆ ಮಕ್ಕಳಲ್ಲಿ ಅಜ್ಜಿಯ ಬಣ್ಣವೇ ಬಂದ ಒಬ್ಬಳು ಇರಬಹುದು, ಅವಳು ಕೇಳಿಸಿಕೊಳ್ಳುತ್ತಿರುತ್ತಾಳೆ.